ನಿಮಗಿದು ಗೊತ್ತೆ? ಬಂದೂಕಿಗೂ ಜಾಗ ಕೊಟ್ಟ ಚರ್ಚು

ಮುಂಬೈಯ ಕೊಲಾಬಾದಲ್ಲಿರುವ ಅಫ್ಘಾನ್ ಚರ್ಚಿನ ಚೂಪು ಗೋಪುರ ಪೂರ್ಣಗೊಂಡದ್ದು 1865ರಲ್ಲಿ. ಎತ್ತರ ಸುಮಾರು 60 ಮೀಟರ್. ಆಗ ಸಮುದ್ರದಲ್ಲಿ ಬರುವ ಹಡಗುಗಳಿಗೆ ಅದೇ ಗುರುತಾಗಿತ್ತು.

ಸಿಂಧ್ ಮತ್ತು ಮೊದಲ ಅಫ್ಘಾನ್ ಯುದ್ಧದಲ್ಲಿ ಮಡಿದವರ ನೆನಪಿಗೆ ಕಟ್ಟಿದ ಈ ಸೇಂಟ್ ಜಾನ್ ಚರ್ಚು 1858ರಲ್ಲಿ ಪ್ರತಿಷ್ಠಾಪನೆಗೊಂಡಿತು. ಮಾದರಿ ಮಾತ್ರ ಇನ್ನೂ ಹಳೆಯದು: ಮಧ್ಯಯುಗದ ಇಂಗ್ಲೆಂಡಿನ ಊರ ಚರ್ಚು. ಉದ್ದನೆಯ ಸಭಾಂಗಣ, ಎರಡೂ ಬದಿಗೆ ಕಂಬಗಳ ಸಾಲು, ಮೊನೆಯಾದ ಕಮಾನು, ಪೂರ್ವದ ತುದಿಯಲ್ಲಿ ಬಲಿಪೀಠ. ವಿನ್ಯಾಸ ಮಾಡಿದ ಹೆನ್ರಿ ಕಾನಿಬೇರ್ ಮುಂಬೈಗೆ ವಿಹಾರ್ ಕೆರೆಯ ನೀರು ತಂದ ಎಂಜಿನಿಯರ್ ಕೂಡ. ಶೈಲಿ ಇಂಗ್ಲೆಂಡಿನದಾದರೂ ಗೋಡೆಯ ಕಲ್ಲು ಇಲ್ಲಿನದೇ, ಕುರ್ಲಾದ್ದು.

ಒಳಗೆ ಹೋದವರು ಅವಸರ ಮಾಡಬಾರದು. ನೆಲಕ್ಕೆ ಇಂಗ್ಲೆಂಡಿನಿಂದ ತರಿಸಿದ ಚಿತ್ತಾರದ ಹೆಂಚುಗಳು. ಬಣ್ಣದ ಗಾಜಿನ ಕಿಟಕಿಗಳು ವಿಲಿಯಂ ವೇಲ್ಸ್ ಎಂಬ ಕುಶಲಿಯ ಕೆಲಸ. ಬೆಳಗಿನ ಬಿಸಿಲು ಪೂರ್ವದ ಗಾಜಿನಿಂದ ಇಳಿಯುವಾಗ ನೋಡಬೇಕು. ಮರದ ಬೆಂಚುಗಳಲ್ಲಿ ಬಂದೂಕು ಒರಗಿಸಲು ಕೊರೆದ ಕಚ್ಚುಗಳಿವೆ. 1857ರ ದಂಗೆಯ ನಂತರ ಬ್ರಿಟಿಷ್ ಸೈನಿಕರು ಪ್ರಾರ್ಥನೆಗೂ ಬಂದೂಕು ಹಿಡಿದೇ ಬರುತ್ತಿದ್ದರು. ಆ ಕಾಲದ ಭಯವನ್ನು ಬೇರಾವ ಶಾಸನವೂ ಇಷ್ಟು ನೇರವಾಗಿ ಹೇಳಲಾರದು. ಮುಂಬೈಗೆ ಹೋದಾಗ ಬೆಂಚಿನ ಆ ಕಚ್ಚಿನ ಮೇಲೊಮ್ಮೆ ಬೆರಳಾಡಿಸಿ ನೋಡಿ.