ತೋಳು ಬೆಳೆಯುವ ಮುನ್ನ ಬಲ

ಪ್ರಶ್ನೆ: ದಂಡ ಹೊಡೆಯಲಾರಂಭಿಸಿದ ಎರಡು ಮೂರು ವಾರಗಳಲ್ಲಿಯೇ ಶಕ್ತಿ ಹೆಚ್ಚಿದಂತಿದೆ, ತೋಳು ಮಾತ್ರ ಮೊದಲಿನಷ್ಟೇ ಇದೆ. ಇದು ಭ್ರಮೆಯೇ?

ಉತ್ತರ: ಭ್ರಮೆಯಲ್ಲ. ಮಾಂಸಖಂಡಕ್ಕೆ ಆಜ್ಞೆಯನ್ನೀಯುವ ನರಗಳು, ಅದುವರೆಗೆ ಅಲಸವಾಗಿದ್ದ ತಂತುಗಳನ್ನೂ ಏಕಕಾಲದಲ್ಲಿ ಎಚ್ಚರಿಸಿ ದುಡಿಸುವ ವಿದ್ಯೆಯನ್ನು ಮೊದಲ ಕೆಲವು ವಾರಗಳಲ್ಲಿಯೇ ಕಲಿತುಕೊಳ್ಳುವುದರಿಂದ, ಆ ತಂತುಗಳು ಕಣ್ಣಿಗೆ ಕಾಣುವಷ್ಟು ಪುಷ್ಟವಾಗುವುದಕ್ಕೆ ತಿಂಗಳುಗಳೇ ಹಿಡಿದರೂ, ಬಲವು ಮುಂಚಿತವಾಗಿಯೇ ಬಂದೊದಗುತ್ತದೆ. ಮಾಂಸಖಂಡವನ್ನು ಎಲುಬಿಗೆ ಬಿಗಿದಿರುವ ಸ್ನಾಯುರಜ್ಜುಗಳಾದರೋ ಇನ್ನೂ ನಿಧಾನವಾಗಿ ಗಟ್ಟಿಯಾಗುವುದರಿಂದ, ಹೊಸಬನ ಉತ್ಸಾಹಕ್ಕೆ ಕಡಿವಾಣ ಹಾಕುವ ಗರಡಿಯ ಉಸ್ತಾದನ ಸಂಯಮವೇ, ನನ್ನ ಮಟ್ಟಿಗೆ, ಶಾಸ್ತ್ರಸಮ್ಮತವಾದುದು.

ಆದರೆ ನರಗಳು ಕಲಿತ ಈ ವಿದ್ಯೆ ಬಹುಮಟ್ಟಿಗೆ ಆಯಾ ಕಸರತ್ತಿಗೇ ಸೀಮಿತ; ನಾಳೆ ದಂಡ ಬಿಟ್ಟು ಬಸ್ಕಿ ಹಿಡಿದಿರೋ, ನರಗಳ ಪಾಠ ಬಹುಪಾಲು ಪುನಃ ಮೊದಲಿನಿಂದ! ತೊಡೆಗಳು ಮರುದಿನಕ್ಕಿಂತ ಮೂರನೆಯ ದಿನ ಹೆಚ್ಚು ನೊಂದರೆ ಗಾಬರಿಪಡಬೇಡಿರಿ; ಮುಂದಿನ ಸಲ ಆ ನೋವು ಬಹುಮಟ್ಟಿಗೆ ತಗ್ಗಿರುತ್ತದೆ.