ಹದಿನಾರು ಕೆಬಿಯ ಕಿಟಕಿ

ಬಿಬಿಸಿ ಮೈಕ್ರೋ ಕಂಪ್ಯೂಟರಿನ ಮೆಮೊರಿ ಬರೀ 32 ಕೆಬಿ. ಈಗಿನ ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಫೋಟೊ ಕೂಡ ಅದರಲ್ಲಿ ಹಿಡಿಸದು. ಇಂಗ್ಲೆಂಡಿನ ಏಕಾರ್ನ್ ಕಂಪನಿ 1981ರಲ್ಲಿ ಹೊರತಂದ ಯಂತ್ರವಿದು. ಕೇಂದ್ರ ಸರ್ಕಾರ 1984-85ರಲ್ಲಿ ‘ಕ್ಲಾಸ್’ ಯೋಜನೆ ಶುರು ಮಾಡಿ, ಮೊದಲಿಗೆ ದೇಶದ 250 ಶಾಲೆಗಳಿಗೆ ಇದನ್ನೇ ಕೊಟ್ಟಿತು. ನಮ್ಮ ಇಳಕಲ್ ಆಗಿನ್ನೂ ಬಿಜಾಪುರ ಜಿಲ್ಲೆಯಲ್ಲಿತ್ತು. ಇಂಥ ಯಂತ್ರದ ಮುಂದೆ ಮಕ್ಕಳನ್ನು ಕೂರಿಸಿ ಪಾಠ ಹೇಳಿದವನು ನಾನು. ಗುಜರಿಗೆ ಹೊರಟಿದ್ದ ಒಂದನ್ನು ಮನೆಗೆ ತಂದಿಟ್ಟುಕೊಂಡಿದ್ದೇನೆ, ಈಗಲೂ ನಡೆಯುತ್ತದೆ.

ನಮ್ಮದು ನೇಕಾರರ ಮನೆತನ. ಹಾಗಾಗಿ ಅದರ ಮೇಲೆ ನಾನು ಬಿಡಿಸುವುದು ಕಸೂತಿ ಚಿತ್ತಾರಗಳನ್ನೇ: ಗೋಪುರ, ತೇರು, ಆನೆ, ತುಳಸಿಕಟ್ಟೆ. ಎಂಟು ಬಣ್ಣ ಬೇಕೆಂದರೆ ಪರದೆಯೊಂದೇ 20 ಕೆಬಿ ನುಂಗುತ್ತದೆ. ಡಿಸ್ಕ್ ಡ್ರೈವ್ ಜೋಡಿಸಿದರೆ ಅದರ ವ್ಯವಸ್ಥೆ ತನ್ನ ಪಾಲೆಂದು ಇನ್ನೂ 2,816 ಬೈಟ್ ಹಿಡಿದಿಟ್ಟುಕೊಳ್ಳುತ್ತದೆ. ಯಂತ್ರ ತನ್ನ ಸ್ವಂತ ಕೆಲಸಕ್ಕೆ ಇಟ್ಟುಕೊಳ್ಳುವ ಜಾಗವನ್ನೂ ಕಳೆದರೆ, ಕೊನೆಗೆ ನನ್ನ ಪ್ರೋಗ್ರಾಮಿಗೆ ಉಳಿಯುವುದು 5,888 ಬೈಟ್. ಇಷ್ಟರಲ್ಲಿ ಆನೆಯನ್ನು ಎಲ್ಲಿ ಕಟ್ಟುವುದು, ತೇರನ್ನು ಎಲ್ಲಿ ನಿಲ್ಲಿಸುವುದು?

ಅದಕ್ಕೇ 16 ಕೆಬಿಯ ಹೆಚ್ಚುವರಿ ಮೆಮೊರಿ ಬೋರ್ಡು. ಆದರೆ ಚಿಪ್ ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. 6502 ಪ್ರೊಸೆಸರಿಗೆ ವಿಳಾಸದ ತಂತಿಗಳು 16. ಅದು ಗುರುತಿಸಬಲ್ಲ ವಿಳಾಸಗಳು 65,536 ಮಾತ್ರ, ಅವೆಲ್ಲ ಆಗಲೇ ಹಂಚಿಹೋಗಿವೆ. ಏಕಾರ್ನ್‌ನವರು ಇದಕ್ಕೊಂದು ಉಪಾಯ ಮಾಡಿದ್ದರು. 32,768ರಿಂದ ಮುಂದಿನ 16 ಕೆಬಿ ಜಾಗವನ್ನು ಕಿಟಕಿಯಂತೆ ಬಿಟ್ಟು, ಅದರ ಹಿಂದೆ ಬೇರೆ ಬೇರೆ ಚಿಪ್ ಸರದಿಯ ಮೇಲೆ ಬಂದು ನಿಲ್ಲುವಂತೆ ಮಾಡಿದರು. 65,072ನೇ ವಿಳಾಸಕ್ಕೆ ಒಂದು ನಂಬರ್ ಬರೆದರೆ ಸಾಕು, ಆ ನಂಬರಿನ ಚಿಪ್ ಕಿಟಕಿಗೆ ಬರುತ್ತದೆ. ಬೇಸಿಕ್ ಭಾಷೆಯ ಚಿಪ್, ಡಿಸ್ಕ್ ನೋಡಿಕೊಳ್ಳುವ ಚಿಪ್, ನನ್ನ ಹೊಸ ಮೆಮೊರಿ ಮೂರಕ್ಕೂ ಅದೊಂದೇ ಕಿಟಕಿ.

ತಕರಾರು ಇರುವುದೇ ಇಲ್ಲಿ. ಡಿಸ್ಕಿನಿಂದ ಓದುವಾಗ ಕಿಟಕಿಯಲ್ಲಿ ಡಿಸ್ಕ್ ಚಿಪ್ಪೇ ಇರಬೇಕು. ಡಿಸ್ಕ್ ಒಂದು ಸುತ್ತಿಗೆ ಸೆಕೆಂಡಿನ ಐದನೇ ಒಂದು ಭಾಗ ತೆಗೆದುಕೊಳ್ಳುತ್ತದೆ, 64 ಮೈಕ್ರೊಸೆಕೆಂಡಿಗೊಮ್ಮೆ ಒಂದು ಬೈಟ್ ಒದಗಿಸುತ್ತದೆ. ಪ್ರತಿ ಬೈಟಿಗೂ ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಅದನ್ನು ಎತ್ತಿಡಬೇಕು. ಎತ್ತಿಡುವುದು ನೇರವಾಗಿ ಕಿಟಕಿಗೇ ಎಂದರೆ, ಅಲ್ಲಿರುವುದು ಓದಲು ಮಾತ್ರ ಬರುವ ಚಿಪ್, ಬರೆದದ್ದೆಲ್ಲ ನೀರುಪಾಲು. ಆದ್ದರಿಂದ ಮೊದಲು ಮಾಮೂಲಿ ಮೆಮೊರಿಗೆ ಇಳಿಸಿಕೊಂಡು, ಆಮೇಲೆ ಹೊಸ ಚಿಪ್ಪನ್ನು ಕಿಟಕಿಗೆ ತಂದು, ಅಲ್ಲಿಗೆ ಸಾಗಿಸಬೇಕು.

ಸಾಗಿಸುವ ಕೆಲಸವನ್ನು ಬೇಸಿಕ್‌ಗೆ ಹೇಳುವಂತಿಲ್ಲ, ಕಿಟಕಿ ಬದಲಾದ ಗಳಿಗೆಯಲ್ಲಿ ಬೇಸಿಕ್ಕೇ ಮಾಯ! ಕೆಲವೇ ಬೈಟಿನ ಮಷೀನ್ ಕೋಡ್ ಬರೆದು, ಅದನ್ನು ಕಿಟಕಿಯ ಆಚೆ ಇಡಬೇಕು. ಅದರಲ್ಲೂ ಒಂದು ಕ್ರಮವಿದೆ. ಚಿಪ್ಪಿನ ನಂಬರನ್ನು ಮೊದಲು 244ನೇ ವಿಳಾಸಕ್ಕೆ, ನಂತರ 65,072ಕ್ಕೆ ಬರೆಯಬೇಕು. ಯಾಕೆಂದರೆ ಯಂತ್ರದ ಗಡಿಯಾರ ಸೆಕೆಂಡಿಗೆ ನೂರು ಸಲ ನಡುವೆ ಬಾಯಿ ಹಾಕುತ್ತದೆ. ಆ ಗಡಿಬಿಡಿಯಲ್ಲಿ ಬೇರೆ ಚಿಪ್ ಕಿಟಕಿಗೆ ಬಂದು ಹೋಗಬೇಕಾದರೆ, ವಾಪಸು ಯಾರನ್ನು ನಿಲ್ಲಿಸಬೇಕೆಂದು ಯಂತ್ರ ನೋಡುವುದು 244ರಲ್ಲಿ. ಅಲ್ಲಿ ಹಳೆಯ ನಂಬರಿದ್ದರೆ ಎಲ್ಲ ಅಲ್ಲೋಲಕಲ್ಲೋಲ.

ಪಕ್ಕದ ಮನೆಯ ನೇಕಾರ ಒಮ್ಮೆ ಇದನ್ನೆಲ್ಲ ಕೇಳಿಸಿಕೊಂಡು, “ಮಾಸ್ತರ್ರ, ಇಷ್ಟ ಸಣ್ಣ ಡಬ್ಬಿಗೆ ಇಷ್ಟ್ಯಾಕ ಗದ್ಲರೀ?” ಅಂದ. ಅವನಿಗೆ ಅವನ ಮಗ್ಗದ ಕೊಂಡಿಯನ್ನೇ ತೋರಿಸಿದೆ. ಸೆರಗಿನ ರೇಷ್ಮೆ ಹಾಸು ಬೇರೆಯಾಗಿಯೇ ತಯಾರಾಗಿ ಬರುತ್ತದೆ. ಒಡಲಿನ ಹಾಸಿಗೆ ಅದನ್ನು ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಿದ ಮೇಲೇ ತೋಪ ತೆನಿ ಸೆರಗು ಏಳುವುದು. ಇಲ್ಲಿಯೂ ಬೈಟಿಗೆ ಬೈಟ್, ಒಂದೂ ತಪ್ಪುವಂತಿಲ್ಲ. “ಹಂಗಂದ್ರ ಗೊತ್ತಾತು ಬಿಡ್ರಿ” ಅಂದ.

ವೇಗದ ಲೆಕ್ಕ ನನಗೆ ಬಲು ಇಷ್ಟ. 16 ಕೆಬಿಯನ್ನು ಡಿಸ್ಕಿನಿಂದ ಓದಲು ಒಂದೂಕಾಲು ಸೆಕೆಂಡಿಗೆ ಕಡಿಮೆಯಿಲ್ಲ. ಒಳಗೊಳಗೇ ಸಾಗಿಸಲು, ಬೈಟಿಗೆ 16 ಗಡಿಯಾರ ಬಡಿತದಂತೆ, ಸೆಕೆಂಡಿನ ಎಂಟನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಅಮೆರಿಕದ ಕಮೊಡೋರ್ 64 ಇಟ್ಟುಕೊಂಡವರ ಪಾಡು ಇನ್ನೂ ವಿಚಿತ್ರ. ಅವರ ಡಿಸ್ಕ್ ಡ್ರೈವ್ ಸೆಕೆಂಡಿಗೆ ಮುನ್ನೂರು-ನಾನ್ನೂರು ಬೈಟ್ ತರುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ಆದರೆ ಹಿಂದೆ ಸಿಕ್ಕಿಸುವ ಮೆಮೊರಿ ಪೆಟ್ಟಿಗೆಯಲ್ಲಿ ಸ್ವಂತ ಚಿಪ್ ಇತ್ತು. ಅದು ಪ್ರೊಸೆಸರನ್ನು ಪಕ್ಕಕ್ಕೆ ಸರಿಸಿ, ಸೆಕೆಂಡಿಗೆ ಸುಮಾರು 10 ಲಕ್ಷ ಬೈಟ್ ತಾನೇ ಸಾಗಿಸುತ್ತಿತ್ತು. ನನ್ನ ಬೋರ್ಡಿಗೆ ಆ ಭಾಗ್ಯವಿಲ್ಲ.

ಒಂದು ಚಿತ್ತಾರಕ್ಕೆ 64 ಸಾಲು, ಸಾಲಿಗೆ 64 ಚುಕ್ಕೆ, ಚುಕ್ಕೆಗೆ ಒಂದು ಬಿಟ್, ಅಂದರೆ 512 ಬೈಟ್. ಬೋರ್ಡಿನಲ್ಲಿ 32 ಚಿತ್ತಾರ ಹಿಡಿಯುತ್ತವೆ. ಡಿಸ್ಕಿನ ಪಟ್ಟಿಯಲ್ಲಿ 31 ಹೆಸರಿಗಷ್ಟೇ ಜಾಗ ಇರುವುದರಿಂದ ಎಲ್ಲವನ್ನೂ ಒಂದೇ ಫೈಲಿನಲ್ಲಿ ಹಾಕಿದ್ದೇನೆ. ಆದರೆ ಅಷ್ಟು ದೊಡ್ಡ ಫೈಲು 5,888 ಬೈಟಿನೊಳಗೆ ಇಳಿಯದು. ನಾಲ್ಕು-ನಾಲ್ಕು ಕೆಬಿಯಂತೆ ಇಳಿಸುವುದು, ಸಾಗಿಸುವುದು, ಮತ್ತೆ ಇಳಿಸುವುದು. ಕರೆಂಟ್ ಹೋದರೆ ಆನೆ, ತೇರು ಎಲ್ಲ ಅಳಿಸಿಹೋಗುತ್ತವೆ. ಡಿಸ್ಕನ್ನು ಡ್ರೈವಿನಿಂದ ತೆಗೆಯುವ ಗೋಜಿಗೆ ನಾನು ಹೋಗುವುದೇ ಇಲ್ಲ.