ತೆವಳುವ ಪಟ್ಟಿ

ಹದಿನೈದು ವರ್ಷಗಳ ಹಿಂದಿನ ಮಾತು. ಗಂಗಾವತಿಯ ಒಂದು ರೈಸ್ ಮಿಲ್ಲಿನ ಆಫೀಸಿನಲ್ಲಿ ಎಂಟು ಕ್ಯಾಮೆರಾಗಳ ಚಿತ್ರ ತೋರಿಸುವ ಟಿವಿಯೊಂದಿತ್ತು. ಏಳು ಚಿತ್ರಗಳು ನಿಚ್ಚಳ. ಎಂಟನೆಯದರ ಮೇಲೆ ಮಾತ್ರ ಅಗಲವಾದ ಮಬ್ಬು ಪಟ್ಟಿಯೊಂದು ಅಡ್ಡಲಾಗಿ ಮಲಗಿ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ತೆವಳುತ್ತಿತ್ತು. ಲಾರಿಗೆ ಅಕ್ಕಿ ಚೀಲ ಹೇರುವ ಜಾಗ ಅದು. ಸಾವ್ಕಾರರಿಗೆ ಮುಖ್ಯವಾಗಿ ಬೇಕಿದ್ದದ್ದೇ ಆ ಚಿತ್ರ.

ಕ್ಯಾಮೆರಾ ಕೂರಿಸಿದ್ದ ಹುಡುಗ ಮೊದಲು ಕನೆಕ್ಟರಿನ ಮೇಲೆ ಅನುಮಾನಪಟ್ಟ. ಕೇಬಲ್ಲಿನ ಎರಡೂ ತುದಿಯ ಬಿಎನ್‌ಸಿ ಕನೆಕ್ಟರ್ ಕತ್ತರಿಸಿ ಹೊಸದು ಹಾಕಿದ. ಪಟ್ಟಿ ಹೋಗಲಿಲ್ಲ. ಮೂರನೆಯ ಕ್ಯಾಮೆರಾ ಬಿಚ್ಚಿ ಇಲ್ಲಿಗೆ ತಂದ; ಪಟ್ಟಿ ಅದರ ಮೇಲೂ ಬಂತು. ಇಲ್ಲಿಯದನ್ನು ಅಲ್ಲಿ ಹಾಕಿದ; ಅಲ್ಲಿ ಚಿತ್ರ ಚೊಕ್ಕಟ. ಹಾಗಾದರೆ ಕೇಬಲ್ಲೇ ಇರಬೇಕು, ಮೋಟಾರಿನ ವೈರಿನ ಪಕ್ಕದಲ್ಲೇ ಎಳೆದದ್ದು ತಪ್ಪಾಯಿತು ಎಂದುಕೊಂಡು, ಹೊಟ್ಟಿನ ಧೂಳಿನಲ್ಲಿ ಇಡೀ ದಿನ ಏಣಿ ಹತ್ತಿ ಇಳಿದು, ಇನ್ನೊಂದು ಗೋಡೆಗುಂಟ ಎಂಬತ್ತು ಮೀಟರ್ ಹೊಸ ಕೇಬಲ್ ಎಳೆದ. ಸಂಜೆ ಮಿಲ್ಲು ನಿಂತ ಮೇಲೆ ನೋಡಿದರೆ ಪಟ್ಟಿಯೇ ಇಲ್ಲ! ಮೈಯೆಲ್ಲ ಧೂಳಾಗಿದ್ದರೂ ಹಗುರಾಗಿ ಮನೆಗೆ ಹೋದ.

ಮರುದಿನ ಬೆಳಿಗ್ಗೆ ಸಾವ್ಕಾರರ ಫೋನು. “ತಮ್ಮಾ, ಪಟ್ಟಿ ಮತ್ತ ಬಂದೈತಿ ನೋಡಪ.”

ಅವನು ಹೊಸ ಕೇಬಲ್ಲನ್ನು ನಂಬಿದ್ದರಲ್ಲಿ ತಪ್ಪಿರಲಿಲ್ಲ. ನಡುವೆ ಒಂದು ತಂತಿ, ಸುತ್ತ ಇನ್ನೊಂದು ಲೋಹದ ಹೊದಿಕೆ: ಈ ಉಪಾಯಕ್ಕೆ ಆಲಿವರ್ ಹೆವಿಸೈಡ್ 1880ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದೇ ಅಕ್ಕಪಕ್ಕದ ತಂತಿಗಳ ಉಪದ್ರವ ತಪ್ಪಿಸುವುದಕ್ಕೆ. ಹದಿನಾರಕ್ಕೇ ಶಾಲೆ ಬಿಟ್ಟು, ಟೆಲಿಗ್ರಾಫ್ ಕೆಲಸ ಮಾಡಿ, ಅದನ್ನೂ ಬಿಟ್ಟು, ಮನೆಯಲ್ಲಿ ಕೂತು ವಿದ್ಯುತ್ತಿನ ಗಣಿತ ಮಾಡಿದ ಮನುಷ್ಯ ಆತ. ಹೊರಗಿನ ಗದ್ದಲಕ್ಕೆ ಆ ಹೊದಿಕೆ ಬೇಲಿ. ಆ ಬೇಲಿ ದಾಟಿ ಪಟ್ಟಿ ಬರುತ್ತಿದ್ದದ್ದಾದರೂ ಹೇಗೆ?

ಮೂರನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಮಿಲ್ಲು ಗಕ್ಕನೆ ನಿಂತಿತು. ಚಿತ್ರ ದಾಖಲಿಸುವ ಡಿವಿಆರ್, ಟಿವಿ, ಕ್ಯಾಮೆರಾಗಳಿಗೆ ಹೋಗುವ ಹನ್ನೆರಡು ವೋಲ್ಟಿನ ಸಪ್ಲೈ ಎಲ್ಲವೂ ಯುಪಿಎಸ್ ಮೇಲಿದ್ದವು. ತೆರೆಯ ಮೇಲೆ ಪಟ್ಟಿ ಮಾಯ. ಎರಡು ನಿಮಿಷಕ್ಕೆ ಜನರೇಟರ್ ಗುಡುಗಿತು. ಪಟ್ಟಿ ವಾಪಸು ಬಂತು. ಆದರೆ ಈ ಸಲ ತೆವಳಲಿಲ್ಲ, ಸರಸರನೆ ಮೇಲಕ್ಕೆ ಓಡತೊಡಗಿತು. ಹುಡುಗ ಕುರ್ಚಿ ಬಿಟ್ಟು ಎದ್ದ. ಆ ಕಾಲದ ಕ್ಯಾಮೆರಾ ತೆರೆಯನ್ನು ಸೆಕೆಂಡಿಗೆ 50 ಸಲ ಗೀಚುತ್ತಿತ್ತು. ಲೈನಿನ ಕರೆಂಟೂ ಸೆಕೆಂಡಿಗೆ ಹೆಚ್ಚುಕಡಿಮೆ 50 ಸಲ ತೂಗುತ್ತದೆ. ಅದು 49.9ಕ್ಕೆ ಇಳಿದರೆ ಪಟ್ಟಿ ಹತ್ತು ಸೆಕೆಂಡಿಗೊಮ್ಮೆ ತೆರೆಯನ್ನು ದಾಟುತ್ತ ಕೆಳಗಿಳಿಯಬೇಕು. 50 ಮೀರಿದರೆ ಮೇಲೇರಬೇಕು. ಜನರೇಟರ್ ಇನ್ನೂ ಜೋರಾಗಿ ತಿರುಗುತ್ತಿತ್ತು. ಅಂದರೆ ಪಟ್ಟಿ ಮಿಲ್ಲಿನ ಕರೆಂಟಿನದೇ! ಕಳ್ಳ ಯಾರೆಂದು ತಿಳಿಯಿತು. ಕನ್ನ ಎಲ್ಲಿ ಕೊರೆದಿದ್ದಾನೆಂಬುದು ಮಾತ್ರ ತಿಳಿಯಲಿಲ್ಲ.

ಅದು ತಿಳಿದದ್ದು ಒಂದು ಸ್ಕ್ರೂ ಜಾರಿದ್ದರಿಂದ. ಏಣಿಯ ಮೇಲೆ ನಿಂತು ಎಂಟನೆಯ ಕ್ಯಾಮೆರಾ ಬಿಚ್ಚುತ್ತಿದ್ದಾಗ ಕೊನೆಯ ಸ್ಕ್ರೂ ಕೈತಪ್ಪಿ ಚೀಲಗಳ ಸಂದಿಗೆ ಬಿತ್ತು. ಕ್ಯಾಮೆರಾ ಬ್ರ್ಯಾಕೆಟ್ ಸಮೇತ ಕೇಬಲ್ಲಿಗೆ ಜೋತಾಡಿತು. ಅದೇ ಗಳಿಗೆಗೆ ಫೋನಿನಲ್ಲಿ ಆಫೀಸಿನ ಗುಮಾಸ್ತ ಕೂಗಿದ: “ಹೋತ್ರಿ! ಪಟ್ಟಿ ಹೋತ್ರಿ! ಏನ್ ಮಾಡಿದ್ರಿ?”

ಅವನು ಏನೂ ಮಾಡಿರಲಿಲ್ಲ. ಮೆಲ್ಲಗೆ ಬ್ರ್ಯಾಕೆಟ್ಟನ್ನು ಕಂಬಕ್ಕೆ ಒತ್ತಿ ಹಿಡಿದ. “ಬಂತ್ರಿ.” ಬಿಟ್ಟ. “ಹೋತ್ರಿ.” ಹತ್ತು ಸಲ ಒತ್ತಿ, ಹತ್ತು ಸಲ ಬಿಟ್ಟ. ಹತ್ತೂ ಸಲ ಅದೇ ಉತ್ತರ. ಉಳಿದ ಏಳು ಕ್ಯಾಮೆರಾಗಳು ಇಟ್ಟಿಗೆ ಗೋಡೆಯ ಮೇಲಿದ್ದವು. ಇದೊಂದೇ ಶೆಡ್ಡಿನ ಕಬ್ಬಿಣದ ಕಂಬಕ್ಕೆ ಕೂತಿತ್ತು. ಮೂರು ದಿನ ಅದೇ ಕಂಬಕ್ಕೆ ಏಣಿ ಒರಗಿಸಿ ಹತ್ತಿದ್ದ ಅವನು.

ಕ್ಯಾಮೆರಾವನ್ನು ಮತ್ತೆ ಕಂಬಕ್ಕೆ ಕಟ್ಟಿ, ಆಫೀಸಿಗೆ ಓಡಿ, ಡಿವಿಆರ್‌ನಿಂದ ಕೇಬಲ್ ಕಿತ್ತ. ಅದರ ಹೊದಿಕೆಗೂ ಡಿವಿಆರ್ ಮೈಗೂ ನಡುವೆ ಮೀಟರ್ ಹಿಡಿದ. ಮುಳ್ಳು ಎರಡು ವೋಲ್ಟಿನ ಹತ್ತಿರ ಹೋಗಿ ನಿಂತಿತು. ಕ್ಯಾಮೆರಾ ಕಳಿಸುವ ಇಡೀ ಚಿತ್ರವೇ ಒಂದು ವೋಲ್ಟಿನದು.

ಕಂಬ ನಿಂತದ್ದು ಮೋಟಾರುಗಳ ಕರೆಂಟು ಸೋರುತ್ತಿದ್ದ ನೆಲದಲ್ಲಿ. ಆಫೀಸಿನ ಅರ್ಥಿಂಗ್ ಗುಂಡಿ ಬೇರೆಯೇ. ಎರಡು ನೆಲಗಳ ನಡುವೆ ವೋಲ್ಟೇಜಿನ ವ್ಯತ್ಯಾಸವಿತ್ತು. ಕ್ಯಾಮೆರಾದ ಲೋಹದ ಮೈ ಕಂಬವನ್ನು ಮುಟ್ಟಿತ್ತು, ಕೇಬಲ್ಲಿನ ಹೊದಿಕೆ ಆ ಮೈಯನ್ನು ಮುಟ್ಟಿತ್ತು. ಕರೆಂಟಿಗೆ ಎರಡೂ ನೆಲಗಳ ನಡುವೆ ತಾಮ್ರದ ದಾರಿಯೇ ಸಿಕ್ಕಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಕಸುಬಿನವರು ಇದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ.

ಡಿವಿಆರ್ ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸಿಬಿಡು ಎಂದರು ಯಾರೋ. ಅವನು ಒಪ್ಪಲಿಲ್ಲ, ಆ ಪಿನ್ ಇರುವುದು ಮುಟ್ಟುವವರ ಜೀವ ಕಾಯಲು. ಬದಲಿಗೆ ಒಂದು ಗೇಣುದ್ದದ ಮರದ ಹಲಗೆ ಹುಡುಕಿ ತಂದು ಕಂಬಕ್ಕೆ ಬಿಗಿದ. ಸ್ಕ್ರೂ ಕಬ್ಬಿಣಕ್ಕೆ ತಾಗದಂತೆ ಹಲಗೆಯ ಮೇಲೆ ಕ್ಯಾಮೆರಾ ಕೂರಿಸಿದ. ಮಿಲ್ಲಿನ ಮೋಟಾರುಗಳನ್ನೆಲ್ಲ ಚಾಲೂ ಮಾಡಿಸಿದ. ಆಫೀಸಿಗೆ ಬಂದಾಗ ಸಾವ್ಕಾರರು ಕನ್ನಡಕ ಏರಿಸಿಕೊಂಡು, ಎಂಟನೆಯ ಚಿತ್ರದಲ್ಲಿ ಲಾರಿ ಏರುತ್ತಿದ್ದ ಚೀಲಗಳನ್ನು ಒಂದೊಂದಾಗಿ ಎಣಿಸುತ್ತಿದ್ದರು.